ಬೋರು ಮಾಡಿಸಿದ ಇಂಜಿನ್ನಿಗೆ ನೀರಿನ ಎಲ್ಬೋ ಕೂರಿಸೋಕೆ ಒಂದು ದಿನ ಕೊಡಿ

ಈ ಸಲ ಬೆಳೆ ಬಿಟ್ಟು ಗಾಡಿ ವಿಷಯ ಬರೀತಿದೀನಿ. ಸ್ವಲ್ಪ ಉದ್ದ ಇದೆ. ನಮ್ಮ ಸುತ್ತಮುತ್ತ ಹಳೇ ಓಮ್ನಿ ಇಟ್ಕೊಂಡು ಟೊಮೆಟೊ ಕ್ರೇಟು, ಹಾಲಿನ ಕ್ಯಾನು ಸಾಗಿಸೋರು ಇನ್ನೂ ಬೇಕಾದಷ್ಟು ಜನ ಇದ್ದೀರಿ. ಓಮ್ನಿ ತಯಾರಿಕೆ 2019ಕ್ಕೇ ನಿಂತೋಯ್ತು, ಅಂದ್ರೆ ಈಗ ಓಡ್ತಿರೋದ್ರಲ್ಲಿ ತೀರಾ ಹೊಸದೂ ಹಳೇದೇ. ಒಂದೊಂದಾಗಿ ಬೋರಿಗೆ ಬರ್ತಿವೆ.

ಬೋರು ಮಾಡಿಸುವಾಗ ಪಿಸ್ಟನ್, ರಿಂಗು, ಬೇರಿಂಗು ಅಂತ ನಾಲ್ಕು ಅಂಗಡಿ ತಿರುಗಿ ಒಳ್ಳೇದನ್ನೇ ತರ್ತೀವಿ. ಲೇತಿನವರ ಹತ್ರ ಕೂತು ಬೋರಿನ ಅಳತೆ ಕೇಳ್ತೀವಿ. ಆದ್ರೆ ಇಂಜಿನ್ನಿಂದ ರೇಡಿಯೇಟರಿಗೆ ಬಿಸಿನೀರು ಹೊರಡೋ ಆ ಅಂಗೈಯಗಲದ ಅಲ್ಯೂಮಿನಿಯಂ ಎಲ್ಬೋ ಇದೆಯಲ್ಲ, ಅದನ್ನ ಕೂರಿಸೋ ಹೊತ್ತಿಗೆ ಸಂಜೆ ಆಗಿರುತ್ತೆ, ಎಲ್ಲರಿಗೂ ಸಾಕಾಗಿರುತ್ತೆ. ಅರ್ಧ ಟ್ಯೂಬು ಸಿಲಿಕಾನ್ ಮೆತ್ತಿ, ಎರಡು ಬೋಲ್ಟು ಬಿಗಿದು, ಅರ್ಧ ಗಂಟೇಲಿ ನೀರು ತುಂಬಿ ಸ್ಟಾರ್ಟ್! ಇದು ತಪ್ಪು. ಈ ತಪ್ಪಿನಲ್ಲಿ ಮೇಸ್ತ್ರಿಗಿಂತ ಗಾಡಿ ಮಾಲೀಕರಾದ ನಮ್ಮ ಪಾಲೇ ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ.

ಅಷ್ಟು ಸಣ್ಣ ಜಾಯಿಂಟು ಸೋರಿದ್ರೆ ಏನು ಮಹಾ, ನೀರು ಹಾಕ್ಕೊಂಡು ಓಡಿಸಿದ್ರಾಯ್ತು ಅಂತಾರೆ. ಹಾಗಲ್ಲ. ರೇಡಿಯೇಟರ್ ಮುಚ್ಚಳ ಒಳಗೆ ಒತ್ತಡ ಹಿಡಿದಿಡುತ್ತೆ. ಸುಮಾರು 0.9 ಬಾರ್ ಒತ್ತಡ ಇದ್ರೆ ಬರೀ ನೀರು ಕೂಡ 118 ಡಿಗ್ರಿ ಆಸುಪಾಸಿನವರೆಗೆ ಕುದಿಯಲ್ಲ. ಜಾಯಿಂಟು ಬೆವರ್ತಾ ಇದ್ರೆ ಆ ಒತ್ತಡ ನಿಲ್ಲಲ್ಲ, 100ರ ಹತ್ರಾನೇ ಕುದಿ ಬರುತ್ತೆ. ಓಮ್ನಿಯಲ್ಲಿ ಇಂಜಿನ್ನು ಸೀಟಿನ ಕೆಳಗೆ, ರೇಡಿಯೇಟರ್ ಮುಂದೆ. ಸೋರಿದ್ದು ಕಣ್ಣಿಗೇ ಬೀಳಲ್ಲ. ಇನ್ನೊಂದು ಮೋಸ ಏನಂದ್ರೆ, ನೀರು ಪೂರ್ತಿ ಖಾಲಿಯಾದ ಮೇಲೆ ಮೀಟರಿನ ಮುಳ್ಳು ಏರೋ ಬದಲು ಇಳಿದುಬಿಡಬಹುದು, ಯಾಕಂದ್ರೆ ಸೆನ್ಸರ್ ಮುಳುಗಿರೋಕೆ ನೀರೇ ಇರಲ್ಲ. ಪಕ್ಕದೂರಿನ ಒಬ್ರ ಗಾಡಿ ಬೋರು ಮಾಡಿಸಿ ಮೂರು ವಾರಕ್ಕೆ ಮಂಡಿ ದಾರೀಲಿ ನಿಂತಿದ್ದು ಹೀಗೇ. ಹೆಡ್ಡು ಸೊಟ್ಟ ಆಗಿತ್ತು. ಕ್ರೇಟುಗಳನ್ನ ಬೇರೆ ಆಟೋಗೆ ತುಂಬಿ ಕಳಿಸೋ ಹೊತ್ತಿಗೆ ಹರಾಜೇ ಮುಗಿದಿತ್ತು.

ಡ್ರಿಪ್ಪಿನ ಪಿವಿಸಿ ಜಾಯಿಂಟು ಹಾಕುವಾಗ ನಾವು ಏನ್ ಮಾಡ್ತೀವಿ? ಒರೆಸ್ತೀವಿ, ಒಣಗಿಸ್ತೀವಿ, ಮೊದಲು ಸಲ್ಯೂಷನ್ ಇಲ್ಲದೆ ಕೂರಿಸಿ ದಿಕ್ಕು ನೋಡಿ ಗೆರೆ ಎಳೀತೀವಿ. ಸಲ್ಯೂಷನ್ ಹಚ್ಚಿದ ಮೇಲೆ ತಕ್ಷಣ ಮೋಟರ್ ಆನ್ ಮಾಡಲ್ಲ. ಇಂಜಿನ್ನಿಗೂ ಅಷ್ಟೇ ಮರ್ಯಾದೆ ಸಾಕು.

ಮೊದಲು ದಿಕ್ಕಿನ ವಿಷಯ, ಯಾಕಂದ್ರೆ ಇದನ್ನ ಯಾರೂ ಲೆಕ್ಕಕ್ಕೇ ಇಡಲ್ಲ. ಎಲ್ಬೋ ಮೂತಿ ಒಂದು ಕಡೆ, ಹೋಸು ಇನ್ನೊಂದು ಕಡೆ ಇದ್ರೆ ಹೋಸನ್ನ ತಿರುಚಿ ಕ್ಲಿಪ್ಪು ಹಾಕ್ತಾರೆ. ಇಂಜಿನ್ನು ಮೌಂಟಿಂಗ್ ಮೇಲೆ ಅಲ್ಲಾಡಿದಾಗೆಲ್ಲ ಆ ಹೋಸು ಎಲ್ಬೋನ ಒಂದೇ ಮಗ್ಗುಲಿಗೆ ಎಳೀತಾ ಇರುತ್ತೆ. ಆಮೇಲೆ ಎಂಥಾ ಪ್ಯಾಕಿಂಗ್ ಹಾಕಿದ್ರೂ ಒಂದು ಮೂಲೆ ಬೆವರುತ್ತೆ. ಬಿಚ್ಚೋಕೆ ಮುಂಚೆ ಗೆರೆ ಹಾಕಿ, ಫೋನಲ್ಲಿ ಎರಡು ಫೋಟೋ ತೆಗೀರಿ. ಕೆಲವು ಇಂಜಿನ್ನಲ್ಲಿ ಬ್ಲಾಕಿಗೇ ಹೊಡೆದು ಕೂರಿಸಿದ ಪೈಪಿರುತ್ತೆ. ಅದಕ್ಕಂತೂ ಎಷ್ಟು ಒಳಗೆ ಹೋಗಿದೆ, ಎಷ್ಟು ಓರೆ ಇದೆ, ಎರಡೂ ಗುರುತು ಬೇಕೇ ಬೇಕು. ಅದಕ್ಕೆ ಸಿಲಿಕಾನ್ ಬೇಡ, ಲೋಹಕ್ಕೆ ಲೋಹ ಹಿಡಿಯೋ ಲಾಕಿಂಗ್ ದ್ರವ ಬೇರೆ ಸಿಗುತ್ತೆ. ಅದು ಗಟ್ಟಿಯಾದ ಮೇಲೆ 'ಸ್ವಲ್ಪ ಓರೆ ಆಯ್ತು' ಅಂತ ಪೈಪು ತಿರುಗಿಸಿದ್ರೆ ಸೀಲು ಹೋಯ್ತು ಅಂತಾನೇ ಲೆಕ್ಕ.

ಎಲ್ಬೋ ಮುಖವನ್ನ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದು ನೋಡಿ. ಬೆಳಕು ತೂರಿದ್ರೆ ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಹಾಸಿ ಉಜ್ಜಿ ಸಮ ಮಾಡಬಹುದು. ತಿಂದುಹೋಗಿ ಗುಂಡಿ ಬಿದ್ದಿದ್ರೆ ಹೊಸದೇ ತನ್ನಿ, ಒಂದು ಚೀಲ ಗೊಬ್ಬರದಷ್ಟೂ ಆಗಲ್ಲ. ಹಳೇ ಪ್ಯಾಕಿಂಗನ್ನ ಉಳಿಯಲ್ಲಿ ಕೆರೆಯೋಕೆ ಬಿಡಬೇಡಿ, ಅಲ್ಯೂಮಿನಿಯಂಗೆ ಗೀರು ಬೀಳುತ್ತೆ. ರಬ್ಬರ್ ರಿಂಗಿನ ಜಾಯಿಂಟಾದ್ರೆ ಪೇಸ್ಟು ಬೇಡವೇ ಬೇಡ, ಸ್ವಲ್ಪ ಕೂಲಂಟ್ ಸವರಿ ಕೂರಿಸಿದ್ರೆ ಸಾಕು.

ಸಿಲಿಕಾನೇ ಹಾಕೋದಾದ್ರೆ ಎರಡು ಮೂರು ಮಿಲಿಮೀಟರ್ ಗೆರೆ ಸಾಕು, ಬೋಲ್ಟಿನ ತೂತಿನ ಸುತ್ತಲೂ ಬರಬೇಕು. ಜಾಸ್ತಿ ಹಾಕಿದ್ದು ಹೊರಗೆ ಉಬ್ಬಿದ್ದು ಕಾಣುತ್ತೆ, ಅಷ್ಟೇ ಒಳಗೂ ಉಬ್ಬಿರುತ್ತೆ. ಅದು ಕಿತ್ತು ಹೋಗಿ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಸಿಕ್ಕೊಳ್ಳುತ್ತೆ, ಡ್ರಿಪ್ಪರಲ್ಲಿ ಕಸ ಸಿಕ್ಕಿದ ಹಾಗೆ. ಮೊದಲು ಕೈಯಲ್ಲಿ ಬಿಗಿದು, ಟ್ಯೂಬಿನ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಆಮೇಲೆ ಎರಡೂ ಬೋಲ್ಟನ್ನ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಿ ಬಿಗೀಬೇಕು. ಪೂರ್ತಿ ಗಟ್ಟಿಯಾಗೋಕೆ ಸಾಮಾನ್ಯವಾಗಿ 24 ಗಂಟೆ ಬೇಕು.

ಈ 24 ಗಂಟೇನೇ ಜಗಳ. ಇಂಜಿನ್ ಕೆಲಸಕ್ಕೆ ಒಟ್ಟು ಇಷ್ಟು ಅಂತ ಮಾತಾಡಿರ್ತೀವಿ. ಕಾಯೋ ದಿನಕ್ಕೆ ಮೇಸ್ತ್ರಿಗೆ ಏನೂ ಹುಟ್ಟಲ್ಲ, ಮೇಲಿಂದ ನಾವು ದಿನಕ್ಕೆ ಮೂರು ಸಲ ಫೋನು. ಅವನು ಬೇಗ ಮುಗಿಸಿ ಕೊಡದೆ ಇನ್ನೇನು ಮಾಡ್ತಾನೆ? ರೇಟು ಮಾತಾಡುವಾಗಲೇ ಹೇಳಿಬಿಡಿ: 'ಅಣ್ಣ, ನೀರಿನ ಜಾಯಿಂಟಿಗೆ ಒಂದು ದಿನ ಬಿಡು, ಅದರ ದುಡ್ಡು ಬೇರೆ ಕೊಡ್ತೀನಿ.' ಸುಗ್ಗಿ ನೆತ್ತಿ ಮೇಲೆ ಬಂದಾಗ ಇಂಜಿನ್ ಇಳಿಸೋದಕ್ಕಿಂತ ಮಧ್ಯದ ಬಿಡುವಲ್ಲಿ ಇಳಿಸಿ.

ಅರಿಶಿನ ಪುಡಿ ಹಾಕಿದ್ರೆ ಸೋರೋದು ನಿಲ್ಲುತ್ತೆ ಅನ್ನೋರಿದ್ದಾರೆ. ದಾರೀಲಿ ಸಿಕ್ಕೊಂಡಾಗ ಮನೆ ಮುಟ್ಟೋಕೆ ಏನಾದ್ರೂ ಮಾಡಿ, ಬೇಡ ಅನ್ನಲ್ಲ. ಹೊಸದಾಗಿ ಕಟ್ಟಿದ ಇಂಜಿನ್ನಿಗೆ ಬೇಡ. ಬೋರ್‌ವೆಲ್ ನೀರೂ ಬೇಡ. ಲ್ಯಾಟರಲ್ಲಲ್ಲಿ ಬಿಳಿ ಸುಣ್ಣ ಕಟ್ಟೋ ನೀರು ಇಂಜಿನ್ ಒಳಗೂ ಕಟ್ಟುತ್ತೆ. ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲಂಟ್ ಅರ್ಧ ಹಾಕಿ. ಬೆರೆಸಿಯೇ ಬರೋ ಕೂಲಂಟಾದ್ರೆ ನೀರು ಸೇರಿಸಬೇಡಿ.

ತುಂಬಿದ ಮೇಲೆ ಸ್ಟಾರ್ಟ್ ಮಾಡೋಕೆ ಮುಂಚೆ ಗಾಡಿ ಕೆಳಗೆ ರಟ್ಟು ಹಾಸಿ ರಾತ್ರಿ ಬಿಡಿ. ಬೆಳಿಗ್ಗೆ ರಟ್ಟು ಒಣಗಿದ್ರೆ ಸ್ಟಾರ್ಟ್ ಮಾಡಿ, ಗಾಳಿ ಗುಳ್ಳೆ ನಿಲ್ಲೋ ತನಕ ಓಡಿಸಿ. ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ತೆಗೆದು ಮಟ್ಟ ನೋಡಿ. ಮೊದಲ ವಾರ ದಿನಾ ಬೆಳಿಗ್ಗೆ ಸೀಟೆತ್ತಿ, ಎಲ್ಬೋ ಸುತ್ತ ಒಂದು ಒಣ ಬಟ್ಟೆ ಆಡಿಸಿ ನೋಡಿ.