ಯಾವ ಕೋರ್ಟು ಅನ್ನೋದೇ ಅರ್ಧ ಕೇಸು

ಅಮೆರಿಕದ ಕೇಸುಗಳ ಕಾಗದಪತ್ರ ಓದಿ ವಿಂಗಡಿಸೋದು ನನ್ನ ಕೆಲಸ. ಬೆಂಗಳೂರಲ್ಲಿ ಈ ಕೆಲಸ ಮಾಡೋರು ಬಹಳ ಜನ ಇದ್ದೀವಿ. ನಮ್ಮ ಟೀಮಿಗೆ ಹೊಸದಾಗಿ ಬಂದವರೆಲ್ಲ ಕೇಳೋ ಪ್ರಶ್ನೆ ಒಂದೇ: "ವಸ್ತು ಕೆಟ್ಟದ್ದೋ ಅಲ್ಲವೋ ಅನ್ನೋದು ಬಿಟ್ಟು, ಯಾವ ಕೋರ್ಟು ಅಂತ ಯಾಕೆ ಇಷ್ಟೊಂದು ಜಗಳ?"

ಅಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಕೋರ್ಟುಗಳಿವೆ. ಜೊತೆಗೆ ಫೆಡರಲ್ ಕೋರ್ಟುಗಳು ಬೇರೆ. ಪೆಟ್ಟು ತಿಂದವರಿಗೆ ಸಾಮಾನ್ಯವಾಗಿ ರಾಜ್ಯದ ಕೋರ್ಟೇ ಬೇಕು, ಕಂಪನಿಗಳಿಗೆ ಫೆಡರಲ್ ಕೋರ್ಟು. ಎರಡೂ ಕಡೆಯವರು ಬೇರೆ ಬೇರೆ ರಾಜ್ಯದವರಾಗಿದ್ದು, ಮೊತ್ತ 75,000 ಡಾಲರ್ ದಾಟಿದ್ರೆ, ಕಂಪನಿ ಸಾಮಾನ್ಯವಾಗಿ ಕೇಸನ್ನು ಫೆಡರಲ್ ಕೋರ್ಟಿಗೆ ಒಯ್ಯಬಹುದು. ಪ್ರತಿವಾದಿಗಳಲ್ಲಿ ಒಬ್ಬನಾದರೂ ದೂರುದಾರರ ರಾಜ್ಯದವನೇ ಆಗಿದ್ದರೆ ಆ ದಾರಿ ಬಂದ್. ಅದಕ್ಕೇ ವಕೀಲರು ತಯಾರಕರ ಜೊತೆ ಡೀಲರನ್ನೂ ಕೇಸಿಗೆ ಸೇರಿಸ್ತಾರೆ.

1977ರಲ್ಲಿ ನ್ಯೂಯಾರ್ಕ್ ಬಿಟ್ಟು ಅರಿಜೋನಾಕ್ಕೆ ಹೊರಟಿದ್ದ ಒಂದು ಕುಟುಂಬದ ಆಡಿ ಕಾರಿಗೆ ಒಕ್ಲಹೋಮಾದಲ್ಲಿ ಹಿಂದಿನಿಂದ ಇನ್ನೊಂದು ಕಾರು ಗುದ್ದಿತು. ಬೆಂಕಿ ಹತ್ತಿಕೊಂಡು ತಾಯಿ, ಇಬ್ಬರು ಮಕ್ಕಳು ಮೈಯೆಲ್ಲ ಸುಟ್ಟುಕೊಂಡರು. ಪೆಟ್ರೋಲ್ ಟ್ಯಾಂಕ್ ಇಟ್ಟ ಜಾಗವೇ ತಪ್ಪು ಅಂತ ಅವರು ಅಲ್ಲಿನ ಕ್ರೀಕ್ ಕೌಂಟಿಯ ರಾಜ್ಯ ಕೋರ್ಟಿನಲ್ಲಿ ಕೇಸು ಹಾಕಿದರು. ಪರಿಹಾರ ಕೊಡೋದರಲ್ಲಿ ಧಾರಾಳಿಗಳು ಅಂತ ಅಲ್ಲಿನ ಜ್ಯೂರಿಗೆ ಹೆಸರಿತ್ತು.

ನ್ಯೂಯಾರ್ಕಿನ ಡೀಲರ್ ಮತ್ತು ಆ ಭಾಗದ ವಿತರಕ, "ಒಕ್ಲಹೋಮಾದಲ್ಲಿ ನಮ್ಮ ವ್ಯಾಪಾರವೇ ಇಲ್ಲ, ಆ ಕೋರ್ಟಿಗೆ ನಮ್ಮ ಮೇಲೆ ಅಧಿಕಾರವಿಲ್ಲ" ಎಂದು ಸುಪ್ರೀಂ ಕೋರ್ಟಿನವರೆಗೂ ಹೋದರು. 1980ರಲ್ಲಿ ಕೋರ್ಟು 6-3 ಬಹುಮತದಿಂದ ಒಪ್ಪಿತು. ಇದೇ 'ವರ್ಲ್ಡ್-ವೈಡ್ ಫೋಕ್ಸ್‌ವ್ಯಾಗನ್ ವರ್ಸಸ್ ವುಡ್‌ಸನ್'; ಅಮೆರಿಕದ ಕಾನೂನು ವಿದ್ಯಾರ್ಥಿಗಳೆಲ್ಲ ಓದೋ ತೀರ್ಪು.

ಪಠ್ಯದಲ್ಲಿ ಕಥೆ ಹೆಚ್ಚಾಗಿ ಅಲ್ಲಿಗೇ ಮುಗಿಯುತ್ತೆ. ಆ ಕುಟುಂಬಕ್ಕೆ ಮುಗಿಯಲಿಲ್ಲ. ಆಗಿನ್ನೂ ಕಾನೂನಿನ ಲೆಕ್ಕದಲ್ಲಿ ಅವರು ನ್ಯೂಯಾರ್ಕಿನವರೇ. ನ್ಯೂಯಾರ್ಕಿನ ಆ ಇಬ್ಬರು ಹೊರಬಿದ್ದ ಮೇಲೆ ಅಡ್ಡಿ ಹೋಯ್ತು, ಕೇಸು ಫೆಡರಲ್ ಕೋರ್ಟಿಗೆ ಹೋಯ್ತು. ಅಲ್ಲಿನ ಜ್ಯೂರಿ ಕಂಪನಿ ಪರ ನಿಂತಿತು. ಹಳೇ ಕೋರ್ಟಿನಲ್ಲೇ ಇದ್ದಿದ್ರೆ ಗೆಲ್ತಿದ್ರಾ? ಹೇಳೋಕಾಗಲ್ಲ. ಆದ್ರೆ ಎರಡೂ ಕಡೆಯ ವಕೀಲರು ಅದೊಂದಕ್ಕೇ ವರ್ಷಗಟ್ಟಲೆ ಬಡಿದಾಡಿದ್ದು ಸುಮ್ಮನೆ ಅಲ್ಲ.

ನಮ್ಮಲ್ಲಿ ಈ ಎರಡು ಥರದ ಕೋರ್ಟುಗಳ ಎಳೆದಾಟ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ವಸ್ತು ಎಲ್ಲೇ ಕೊಂಡಿದ್ದರೂ, ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಇದು ಸಣ್ಣ ಅನುಕೂಲ ಅಲ್ಲ. ಬಿಲ್ ಮಾತ್ರ ಜೋಪಾನ ಮಾಡಿ.