ಕಮಿಷನ್ ಎಷ್ಟೆಂದು ಕೇಳಬೇಡಿ, ಅಲ್ಲಿಗೆ ಎಷ್ಟು ತಲುಪುತ್ತದೆಂದು ಕೇಳಿ



ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯ ನಮ್ಮ ಮನೆಗಳಿಗೆ ಹೊರದೇಶದ ಹಣ ಹೊಸದಲ್ಲ. ದುಬೈ, ಕುವೈತ್, ಬಹ್ರೈನ್‌ಗಳಿಂದ ತಿಂಗಳು ತಿಂಗಳು ಬಂದ ದುಡ್ಡಿನಿಂದಲೇ ಎಷ್ಟೋ ಹೆಂಚಿನ ಮಾಡುಗಳು ತಾರಸಿಯಾದವು, ಎಷ್ಟೋ ತಂಗಿಯರ ಮದುವೆಗಳು ನಡೆದವು. "ಇವತ್ತು ದಿರ್ಹಮ್‌ಗೆ ಎಷ್ಟು?" ಎಂಬ ಪ್ರಶ್ನೆ ನಮ್ಮ ಅಜ್ಜಿಯಂದಿರಿಗೂ ಗೊತ್ತು. ಈಗ ಹಣ ಎದುರು ದಿಕ್ಕಿಗೂ ಹೊರಟಿದೆ. ಮಗಳು ಜರ್ಮನಿಗೆ, ಮಗ ಐರ್ಲೆಂಡಿಗೆ, ಪಕ್ಕದ ಮನೆಯವನು ಕೆನಡಾಕ್ಕೆ. ಅವರು ವಿಮಾನ ಹತ್ತುವ ಮೊದಲೇ ಅವರ ಫೀಸು ಹೋಗಬೇಕು, ಖರ್ಚಿನ ದುಡ್ಡು ಹೋಗಬೇಕು. ಈ ದಿಕ್ಕಿನ ಲೆಕ್ಕ ಮಾತ್ರ ನಮ್ಮ ಮನೆಗಳಿಗೆ ಇನ್ನೂ ಅಭ್ಯಾಸವಾಗಿಲ್ಲ.

ಕುಂಬಳೆ ಪೇಟೆಯಲ್ಲಿ ಬಂಗುಡೆಗೆ ಹತ್ತು ರೂಪಾಯಿ ಕಡಿಮೆ ಮಾಡಿಸಲು ಕಾಲು ಗಂಟೆ ನಿಲ್ಲುವವರು ನಾವು. ಅದೇ ನಾವು ಹನ್ನೆರಡು ಲಕ್ಷ ರೂಪಾಯಿಯನ್ನು ಹೊರದೇಶಕ್ಕೆ ಕಳಿಸುವಾಗ ತೋರಿಸಿದ ಕಡೆ ಸಹಿ ಹಾಕಿ ಎದ್ದು ಬರುತ್ತೇವೆ. "ಕಮಿಷನ್ ಇಲ್ಲ ಅಂದ್ರು" ಎಂದು ಖುಷಿಯಿಂದ ಹೇಳುತ್ತೇವೆ ಬೇರೆ. ಈ ಖುಷಿ ಎಷ್ಟು ದುಬಾರಿ ಎಂದು ತೋರಿಸುವುದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಜರ್ಮನಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ, ನಮ್ಮ ಕಡೆಯಿಂದ ಈಗ ಅಲ್ಲಿಗೆ ಹೊರಟವರು ಬಹಳ. ವಿದ್ಯಾರ್ಥಿ ವೀಸಾಕ್ಕೆ ಸಾಮಾನ್ಯವಾಗಿ ಒಂದು 'ಬ್ಲಾಕ್ಡ್ ಅಕೌಂಟ್' ತೆರೆದು ಒಂದು ವರ್ಷದ ಜೀವನ ಖರ್ಚನ್ನು ಮೊದಲೇ ಅದರಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ. ಇದು ಫೀಸಲ್ಲ, ಮಗುವಿನದೇ ಹಣ. ಅಲ್ಲಿ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ವಾಪಸ್ ಸಿಗುತ್ತದೆ.

ಲೆಕ್ಕ ಸುಲಭವಾಗಲೆಂದು ಮಾರುಕಟ್ಟೆಯಲ್ಲಿ ಯೂರೋಗೆ ಸರಿಯಾಗಿ 100 ರೂಪಾಯಿ ಎಂದು ಇಟ್ಟುಕೊಳ್ಳಿ. ಅಂದರೆ ನಿಜವಾದ ಬೆಲೆ 11,90,400 ರೂಪಾಯಿ. ಮೊದಲನೆಯ ಕಡೆ ಕಮಿಷನ್ ಸೊನ್ನೆ, ಆದರೆ ಯೂರೋಗೆ 102 ರೂಪಾಯಿ ಹಾಕುತ್ತಾರೆ. ಕಟ್ಟಬೇಕಾದ್ದು 12,14,208. ಎರಡನೆಯ ಕಡೆ ಕಮಿಷನ್ 1,500 ರೂಪಾಯಿ, ಯೂರೋಗೆ 100 ರೂಪಾಯಿ 60 ಪೈಸೆ. ಕಮಿಷನ್ ಸೇರಿ ಕಟ್ಟಬೇಕಾದ್ದು ಸುಮಾರು 11,99,042. ಸೊನ್ನೆ ಕಮಿಷನ್‌ನವರು 1,500 ರೂಪಾಯಿ ಕಮಿಷನ್‌ನವರಿಗಿಂತ 15,000 ರೂಪಾಯಿಗೂ ಹೆಚ್ಚು ತೆಗೆದುಕೊಂಡರು! ಬೀಡಿ ಕಟ್ಟುವ ತಾಯಿಗೆ ಅದು ಎಷ್ಟು ದಿನದ ದುಡಿಮೆ ಎಂದು ನೀವೇ ಲೆಕ್ಕ ಹಾಕಿ.

ಇದು ಮೋಸ ಎಂದು ನಾವು ಹೇಳುತ್ತಿಲ್ಲ. ಹಣ ಬದಲಾಯಿಸುವವರು ಮಾರುಕಟ್ಟೆ ದರದ ಮೇಲೆ ತಮ್ಮ ಪಾಲು ಸೇರಿಸುವುದು ವ್ಯಾಪಾರ, ಕಾನೂನು ಅದನ್ನು ತಡೆಯುವುದಿಲ್ಲ. ಆದರೆ ದರದೊಳಗೆ ಪಾಲನ್ನು ಅಡಗಿಸಿ, ಬೋರ್ಡಿನ ಮೇಲೆ 'ಜೀರೋ ಕಮಿಷನ್' ಎಂದು ಬರೆಯುವುದು ಪ್ರಾಮಾಣಿಕ ಮಾತಲ್ಲ. ಹತ್ತನೇ ಕ್ಲಾಸಿನ ಗಣಿತ ಬರುವ ಯಾರಿಗೂ ಇದು ಅರ್ಥವಾಗುತ್ತದೆ. ಆದರೂ ಕೌಂಟರಿನ ಮುಂದೆ ನಿಂತಾಗ ನಮ್ಮ ಬಾಯಿಗೆ ಬರುವುದು ಒಂದೇ ಪ್ರಶ್ನೆ, "ಕಮಿಷನ್ ಎಷ್ಟು?"

ಕೇಳಬೇಕಾದ್ದು ಇಷ್ಟು: "ಇಷ್ಟು ಯೂರೋ ಅಲ್ಲಿಯ ಖಾತೆಗೆ ಪೂರ್ತಿ ತಲುಪಲು, ಎಲ್ಲ ಸೇರಿ, ನನ್ನ ಖಾತೆಯಿಂದ ಎಷ್ಟು ರೂಪಾಯಿ ಹೋಗುತ್ತದೆ?" ಮೂರು ಕಡೆ ಕೇಳಿ. ಒಂದೇ ದಿನ, ಸಾಧ್ಯವಾದರೆ ಒಂದೇ ಗಂಟೆಯೊಳಗೆ ಕೇಳಿ, ಯಾಕೆಂದರೆ ದರ ದಿನವಿಡೀ ಏರಿಳಿಯುತ್ತದೆ. ಬರೆದು ಕೊಡಲು ಹೇಳಿ. ಹೋಲಿಸಿ ನೋಡಲು ಎಫ್‌ಬಿಐಎಲ್ ಎಂಬ ಸಂಸ್ಥೆ ಪ್ರತಿ ಕೆಲಸದ ದಿನ ಡಾಲರ್, ಯೂರೋ, ಪೌಂಡ್‌ಗಳ ಉಲ್ಲೇಖ ದರ ಪ್ರಕಟಿಸುತ್ತದೆ. ಮೊಬೈಲಿನಲ್ಲೇ ನೋಡಬಹುದು. ಇನ್ನೊಂದು ವಿಷಯ: ಬ್ಯಾಂಕಿನ ದರಪಟ್ಟಿಯಲ್ಲಿ ನೋಟಿಗೆ ಒಂದು ದರ, ತಂತಿ ವರ್ಗಾವಣೆಗೆ ಇನ್ನೊಂದು ದರ ಇರುತ್ತದೆ. ನೋಟಿನ ದರವೇ ದುಬಾರಿ. ನಮಗೆ ಬೇಕಾದ್ದು 'ಟಿಟಿ ಸೆಲ್ಲಿಂಗ್' ದರ. ದೊಡ್ಡ ಮೊತ್ತವಾದರೆ ಅದಕ್ಕಿಂತಲೂ ಒಳ್ಳೆಯ ದರ ಕೇಳಬಹುದು. ಬಂಗುಡೆಗೆ ಕೇಳುವ ಹಾಗೆಯೇ.

ಜಿಎಸ್‌ಟಿ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಹಣ ಬದಲಾವಣೆಯ ಮೇಲಿನ ಜಿಎಸ್‌ಟಿ ಎಲ್ಲ ಕಡೆ ಒಂದೇ ಸೂತ್ರ. 10 ಲಕ್ಷಕ್ಕೆ 990 ರೂಪಾಯಿ. ಕಮಿಷನ್ ಇದ್ದರೆ ಅದರ ಮೇಲೆ ಶೇ. 18 ಬೇರೆ, ಅಷ್ಟೇ.

ಇನ್ನು ದಾರಿಯಲ್ಲಿ ಸೋರುವ ಹಣ. ಕಳೆದ ವರ್ಷ ನಮ್ಮ ಗೆಳತಿಯೊಬ್ಬಳು ಐರ್ಲೆಂಡಿನ ಕಾಲೇಜಿಗೆ ಫೀಸು ಕಟ್ಟಿದಳು. ಪೈಸೆ ಪೈಸೆ ಸರಿಯಾಗಿ ಕಳಿಸಿದ್ದಳು. ಅಲ್ಲಿ ತಲುಪಿದಾಗ ಕೆಲವು ಯೂರೋ ಕಡಿಮೆ. ಕಾಲೇಜಿನ ಕಂಪ್ಯೂಟರಿಗೆ ಮನುಷ್ಯರ ಕಷ್ಟ ಗೊತ್ತಿಲ್ಲ, 'ಬಾಕಿ ಇದೆ' ಎಂದು ತೋರಿಸಿತು. ವೀಸಾಕ್ಕೆ ಬೇಕಾದ ಪತ್ರ ನಿಂತುಹೋಯಿತು. ಆ ಚಿಲ್ಲರೆಯನ್ನು ಇನ್ನೊಮ್ಮೆ ಕಳಿಸಲು ಮತ್ತೆ ಪೂರ್ತಿ ಕಮಿಷನ್, ಮತ್ತೆ ಅರ್ಜಿ, ಮತ್ತೆ ಕಾಯುವುದು. ಮನೆಯವರೆಲ್ಲ ಹತ್ತು ದಿನ ನಿದ್ದೆ ಕಳೆದುಕೊಂಡರು.

ಕಾರಣ ಸರಳ. ನಮ್ಮ ಬ್ಯಾಂಕಿಗೂ ಅಲ್ಲಿಯ ಬ್ಯಾಂಕಿಗೂ ನೇರ ಸಂಬಂಧ ಇಲ್ಲದಾಗ ನಡುವೆ ಒಂದೋ ಎರಡೋ ಬ್ಯಾಂಕುಗಳು ಬರುತ್ತವೆ. ಅವು ತಮ್ಮ ಶುಲ್ಕವನ್ನು ಸಾಗುವ ಹಣದಿಂದಲೇ ಮುರಿದುಕೊಳ್ಳುತ್ತವೆ. ಈ ಶುಲ್ಕ ಯಾರ ತಲೆಗೆ ಎಂದು ಅರ್ಜಿಯಲ್ಲೇ ಒಂದು ಅಂಕಣ ಇರುತ್ತದೆ: 'ಅವರ್' ಎಂದರೆ ಎಲ್ಲ ಶುಲ್ಕ ಕಳಿಸುವವರದು, 'ಶಾ' ಎಂದರೆ ಹಂಚಿಕೆ, 'ಬೆನ್' ಎಂದರೆ ಪಡೆಯುವವರದು. ಯಾರೂ ಕೇಳದಿದ್ದರೆ ಸಾಮಾನ್ಯವಾಗಿ 'ಶಾ' ಬೀಳುತ್ತದೆ. ಫೀಸು ಕಟ್ಟುವಾಗ 'ಅವರ್' ಹಾಕಿಸಿ, ಸ್ವಲ್ಪ ಹೆಚ್ಚು ಕೊಡಬೇಕಾದರೂ ಕೊಡಿ. ಮಗುವಿನ ಸ್ವಂತ ಖಾತೆಗೆ ಕೈಖರ್ಚು ಕಳಿಸುವಾಗ 'ಶಾ' ಸಾಕು, ನಾಲ್ಕು ಯೂರೋ ಕಡಿಮೆಯಾದರೆ ಯಾರೂ ಪ್ರವೇಶ ನಿಲ್ಲಿಸುವುದಿಲ್ಲ. ಹಣ ಹೋದ ಮೇಲೆ ಸ್ವಿಫ್ಟ್ ಸಂದೇಶದ ಪ್ರತಿ ಕೇಳಿ ಪಡೆಯಿರಿ. ಅದರಲ್ಲಿ ಯುಇಟಿಆರ್ ಎಂಬ 36 ಅಕ್ಷರದ ಗುರುತು ಇರುತ್ತದೆ, ಹಣ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಲು ಅದೇ ಬೇಕು.

ಎಲ್ಲರನ್ನೂ ಹೆದರಿಸುವುದು ಟಿಸಿಎಸ್. ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು.

ಭಾರತದಲ್ಲಿ ವಾಸಿಸುವ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. (2004ರಲ್ಲಿ ಶುರುವಾದಾಗ ಇದು ಬರೇ 25,000 ಡಾಲರ್ ಇತ್ತು.) ನಮ್ಮಂಥವರಿಗೆ ಆ ಮಿತಿ ಆಕಾಶದಷ್ಟು ಎತ್ತರ. ಮುಟ್ಟುವುದು ಬೇರೆ ಮಿತಿ: 2025ರ ಏಪ್ರಿಲ್ 1ರಿಂದ, ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ದಾಟಿದ ಭಾಗದ ಮೇಲೆ ಬ್ಯಾಂಕು ಟಿಸಿಎಸ್ ಹಿಡಿಯುತ್ತದೆ. 2025-26ರ ಲೆಕ್ಕದಲ್ಲಿ, ಸ್ವಂತ ದುಡ್ಡಿನಿಂದ ವಿದ್ಯಾಭ್ಯಾಸಕ್ಕಾದರೆ ಶೇ. 5. ಕುಟುಂಬ ನಿರ್ವಹಣೆ, ಉಡುಗೊರೆ ಮುಂತಾದವಕ್ಕಾದರೆ ಶೇ. 20. ಬ್ಯಾಂಕಿನಂಥ ಹಣಕಾಸು ಸಂಸ್ಥೆಯ ವಿದ್ಯಾಭ್ಯಾಸ ಸಾಲದಿಂದ ಕಳಿಸಿದರೆ ಏನೂ ಇಲ್ಲ. ಈ ಶೇಕಡಾಗಳು ಬಜೆಟ್ಟಿನಲ್ಲಿ ಬದಲಾಗುತ್ತಿರುತ್ತವೆ, ಕಳಿಸುವ ಮೊದಲು ಆ ವರ್ಷದ್ದು ಕೇಳಿಕೊಳ್ಳಿ.

ಈಗ ಮೇಲಿನ ಜರ್ಮನಿ ಲೆಕ್ಕಕ್ಕೆ ಇದನ್ನು ಹಚ್ಚಿ. ಎರಡನೆಯ ಕಡೆಯ ದರದಲ್ಲಿ 10 ಲಕ್ಷ ದಾಟಿದ್ದು ಸುಮಾರು 1,97,500. ವಿದ್ಯಾಭ್ಯಾಸ ಎಂದು ಬರೆದರೆ ಹಿಡಿಯುವುದು ಸುಮಾರು 9,900 ರೂಪಾಯಿ. ಅದೇ ಹಣವನ್ನು ಯಾರೋ ಅವಸರದಲ್ಲಿ 'ಕುಟುಂಬ ನಿರ್ವಹಣೆ' ಎಂದು ಟಿಕ್ ಹಾಕಿದರೆ 39,500. ಒಂದು ಚಿಕ್ಕ ಕೋಡ್‌ನ ವ್ಯತ್ಯಾಸ ಇದು. ಎ2 ಅರ್ಜಿಯಲ್ಲಿ ವಿದ್ಯಾಭ್ಯಾಸದ ಪ್ರಯಾಣ, ಫೀಸು, ಹಾಸ್ಟೆಲ್ ಖರ್ಚಿನ ಕೋಡ್ ಎಸ್0305. ಕುಟುಂಬ ನಿರ್ವಹಣೆಯದು ಎಸ್1301. ಓದುವ ಮಗುವಿನ ಊಟ, ವಸತಿ, ಓಡಾಟದ ಖರ್ಚು ಕೂಡ ವಿದ್ಯಾಭ್ಯಾಸದ ಲೆಕ್ಕಕ್ಕೇ ಸೇರುತ್ತದೆ ಎಂದು ಆದಾಯ ತೆರಿಗೆಯವರು 2023ರಲ್ಲೇ ಸ್ಪಷ್ಟಪಡಿಸಿದ್ದಾರೆ. ಪ್ರವೇಶಪತ್ರ ಜೊತೆಗಿರಲಿ.

ಈ 10 ಲಕ್ಷದ ಮಿತಿ ಒಬ್ಬೊಬ್ಬರ ಪ್ಯಾನ್‌ಗೆ ಒಂದೊಂದು. ತಂದೆ 7 ಲಕ್ಷ, ತಾಯಿ ತನ್ನ ಖಾತೆಯಿಂದ 5 ಲಕ್ಷ ಕಳಿಸಿದರೆ ಯಾರೂ ಮಿತಿ ದಾಟುವುದಿಲ್ಲ. ಅಥವಾ ಒಂದು ಕಂತು ಮಾರ್ಚ್‌ನಲ್ಲಿ, ಇನ್ನೊಂದು ಏಪ್ರಿಲ್‌ನಲ್ಲಿ. ಕಮಿಷನ್ ಎರಡು ಸಲ ಬೀಳುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಾನೂನು ಬಿಟ್ಟುಕೊಟ್ಟ ಜಾಗದಲ್ಲಿ ನಡೆಯುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಟಿಸಿಎಸ್ ಕಳೆದುಹೋದ ಹಣವಲ್ಲ, ಮುಂಗಡ ತೆರಿಗೆ. ರಿಟರ್ನ್ ಸಲ್ಲಿಸಿದರೆ ತೆರಿಗೆಗೆ ಹೊಂದಾಣಿಕೆಯಾಗುತ್ತದೆ, ತೆರಿಗೆ ಇಲ್ಲದಿದ್ದರೆ ವಾಪಸ್ ಬರುತ್ತದೆ. ಸಂಬಳದವರಿಗೆ ಇದು ಸುಲಭ. ಅಡಿಕೆ, ತೆಂಗು, ರಬ್ಬರ್ ನಂಬಿದ ನಮ್ಮ ಹಿರಿಯರ ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ, ಹಾಗಾಗಿ ಹಲವರು ಜೀವನದಲ್ಲಿ ಒಮ್ಮೆಯೂ ರಿಟರ್ನ್ ಸಲ್ಲಿಸಿದವರಲ್ಲ. ಅಂಥವರ ಹಣ ಸರಕಾರದ ಬಳಿ ಸುಮ್ಮನೆ ಕುಳಿತಿರುತ್ತದೆ. ಯಾರಿಗೆ ಆ ಹಣ ಹೆಚ್ಚು ಬೇಕೋ ಅವರೇ ಅದನ್ನು ಕೇಳದೆ ಬಿಡುವುದು! ಇದನ್ನು ಸರಿಪಡಿಸುವುದು ಯುವಕರಾದ ನಮ್ಮ ಕೆಲಸ ಎಂದು ನಮ್ಮ ಅಭಿಪ್ರಾಯ. ಫಾರ್ಮ್ 26ಎಎಸ್ ತೆರೆದು ನೋಡುವುದು ರೀಲ್ಸ್ ಮಾಡುವುದಕ್ಕಿಂತ ಕಷ್ಟವೇನಲ್ಲ.

ಗಲ್ಫ್‌ನಲ್ಲಿ ಅಣ್ಣ ಇರುವ ಮನೆಗಳಿಗೆ ಇನ್ನೊಂದು ಮಾತು. ಅಣ್ಣ ದುಬೈಯಿಂದ ಊರಿಗೆ ದಿರ್ಹಮ್ ಕಳಿಸುತ್ತಾನೆ, ಅದು ರೂಪಾಯಿಯಾಗುತ್ತದೆ, ಅಪ್ಪ ಅದನ್ನೇ ಯೂರೋ ಮಾಡಿ ತಂಗಿಗೆ ಕಳಿಸುತ್ತಾರೆ. ಎರಡು ಸಲ ಬದಲಾವಣೆ, ಎರಡು ಸಲ ಪಾಲು, ಮೇಲಿನಿಂದ ಟಿಸಿಎಸ್. ಅಣ್ಣ ಅಲ್ಲಿಂದಲೇ ನೇರ ತಂಗಿಯ ಖಾತೆಗೆ ಕಳಿಸಿದರೆ ಒಂದೇ ಬದಲಾವಣೆ. ಹಣ ಈಗಾಗಲೇ ಅವನ ಎನ್‌ಆರ್‌ಇ ಖಾತೆಯಲ್ಲಿದ್ದರೆ ಅದನ್ನು ಹೊರಗೆ ಕಳಿಸಲು ಎಲ್‌ಆರ್‌ಎಸ್ ಮಿತಿಯೇ ಅನ್ವಯಿಸುವುದಿಲ್ಲ.

ಕಾರ್ಡುಗಳ ಬಗ್ಗೆ ಚಿಕ್ಕದಾಗಿ: ಫೀಸಿಗೆ ಕ್ರೆಡಿಟ್ ಕಾರ್ಡ್ ಉಜ್ಜಬೇಡಿ, ವಿದೇಶಿ ಹಣದ ಮೇಲೆ ಹೆಚ್ಚಿನ ಕಾರ್ಡುಗಳು ಶೇ. 2ರಿಂದ 3.5ರಷ್ಟು ಸೇರಿಸುತ್ತವೆ. ಅಲ್ಲಿಯ ಎಟಿಎಂ "ರೂಪಾಯಿಯಲ್ಲಿ ಲೆಕ್ಕ ಹಾಕಲೇ?" ಎಂದು ಕೇಳಿದರೆ ಬೇಡ ಎನ್ನಿ, ಯೂರೋದಲ್ಲೇ ಇರಲಿ. ಮತ್ತು ಏಜೆಂಟರು "ದುಡ್ಡು ನಮಗೆ ಕೊಡಿ, ನಾವೇ ಕಟ್ಟುತ್ತೇವೆ" ಎಂದರೆ ಖಂಡಿತ ಬೇಡ. ಹಣ ಪೋಷಕರ ಖಾತೆಯಿಂದ ಹೊರಟು ಕಾಲೇಜು ಹೇಳಿದ ಖಾತೆಗೇ ಹೋಗಬೇಕು.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರು ಪಿಸುಗುಟ್ಟುವುದು ನಮಗೂ ಗೊತ್ತು: "ಅದಕ್ಕಿಂತ ಕುಳಲ್‌ಪಣ ಒಳ್ಳೆಯದಲ್ವಾ? ಇಲ್ಲಿ ರೂಪಾಯಿ ಕೊಟ್ಟರೆ ಅಲ್ಲಿ ಅವರ ಜನ ಯೂರೋ ಕೊಡ್ತಾರೆ." ಬ್ಯಾಂಕು ಸದ್ದಿಲ್ಲದೆ ಶೇ. 2 ತೆಗೆದಾಗ ಈ ದಾರಿ ಆಸೆ ಹುಟ್ಟಿಸುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಫೆಮಾ ಕಾಯ್ದೆಯಡಿ ದಂಡ ಮೊತ್ತದ ಮೂರು ಪಟ್ಟಿನವರೆಗೆ ಬೀಳಬಹುದು. ದಂಡ ಬೀಳದಿದ್ದರೂ, ಹಣ ಎಲ್ಲಿಂದ ಬಂತು ಎಂದು ವೀಸಾ ಕಚೇರಿ ಕೇಳಿದಾಗ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ. ಮುರಿದುಬೀಳುವುದು ಮಗುವಿನ ಭವಿಷ್ಯ, ದಾರಿ ತೋರಿಸಿದವರದ್ದಲ್ಲ.

ಹಣ ದಾಟಿಸುವ ತಂತ್ರಜ್ಞಾನ ದುಬಾರಿಯೇನಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಯುಪಿಐಯನ್ನು ಸಿಂಗಾಪುರದ ಪೇನೌ ಜೊತೆ ಜೋಡಿಸಿದ ಮೇಲೆ, ಚಿಕ್ಕ ಮೊತ್ತಗಳು ಮೊಬೈಲಿನಿಂದಲೇ ಕ್ಷಣದಲ್ಲಿ ಹೋಗುತ್ತಿವೆ. ಯೂರೋಪಿಗೂ ಹಾಗಾಗುವವರೆಗೆ ಕೇಳಿ ಕೇಳಿ ಕಡಿಮೆ ಮಾಡಿಸುವುದೊಂದೇ ದಾರಿ. ಆದರೆ ನಮ್ಮ ಹಿರಿಯರು ಕೇಳಲು ಹಿಂಜರಿಯುವುದಕ್ಕೆ ಕಾರಣ ದಡ್ಡತನವಲ್ಲ. ಅರ್ಜಿ ಇಂಗ್ಲಿಷಿನಲ್ಲಿ, ಕೌಂಟರಿನ ಮಾತು ಮಲಯಾಳದಲ್ಲಿ, ಅವರು ಓದಿದ್ದು ಕನ್ನಡ. ಗೊತ್ತಾಗದ್ದನ್ನು ಗೊತ್ತಾಗಿಲ್ಲ ಎನ್ನಲು ಅವರಿಗೆ ಸಂಕೋಚ. ಹಿಂದೆ ಐದು ಜನ ಸಾಲಿನಲ್ಲಿ ನಿಂತಿದ್ದರಂತೂ ಮುಗಿಯಿತು.

ಅದಕ್ಕೇ ಈ ತಿಂಗಳಿಂದ ಭಾನುವಾರದ ಎರಡನೇ ಪೂಜೆಯ ನಂತರ ಧರ್ಮೋಪದೇಶದ ಕೋಣೆಯಲ್ಲಿ ನಾವು ಒಂದು ಗಂಟೆ ಕುಳಿತಿರುತ್ತೇವೆ. ಯಾವ ಧರ್ಮದವರಾದರೂ ಬರಬಹುದು. ನಾವು ಹಣ ಮುಟ್ಟುವುದಿಲ್ಲ, ಯಾವ ಬ್ಯಾಂಕಿನ ಹೆಸರನ್ನೂ ಹೇಳುವುದಿಲ್ಲ. ಎ2 ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳುತ್ತೇವೆ, ಬರೆದು ತಂದ ದರಗಳನ್ನು ಒಟ್ಟಿಗೆ ಲೆಕ್ಕ ಹಾಕುತ್ತೇವೆ. ಪ್ರವೇಶಪತ್ರ, ಪ್ಯಾನ್ ಕಾರ್ಡಿನ ಪ್ರತಿ ಮತ್ತು ಕನಿಷ್ಠ ಎರಡು ಕಡೆಯ ದರ ತನ್ನಿ. ಸಹಿ ಹಾಕುವ ಮೊದಲು ಬನ್ನಿ, ಹಾಕಿದ ಮೇಲೆ ಬಂದರೆ ರಿಟರ್ನ್ ಸಲ್ಲಿಸುವುದಕ್ಕಷ್ಟೇ ನಾವು ಸಹಾಯ ಮಾಡಬಲ್ಲೆವು.