ಮಾರಿದ ಗಾಡಿ, ಮರೆತ ದಂಡ



ಜತ್ತ ತಾಲೂಕಿನ ಉಮದಿ ಕಡೆಯ ಒಂದು ಹಳ್ಳಿಗೆ ನಾವು ಮನೆಭೇಟಿಗೆಂದು ಹೋಗಿದ್ದೆವು. ಚಹಾ ಮುಗಿಯುವ ಹೊತ್ತಿಗೆ ಮನೆಯ ಯಜಮಾನರು ತಮ್ಮ ಮೊಬೈಲನ್ನು ನಮ್ಮ ಕೈಗಿಟ್ಟರು. "ಫಾದರ್, ಇದೇನ್ ಬಂದೈತಿ ಒಂಚೂರು ನೋಡ್ರಿ. ನಾ ಕಲ್ತದ್ದು ಕನ್ನಡ ಸಾಲ್ಯಾಗ, ಮರಾಠಿ ಓದಾಕ ಬರೂದಿಲ್ಲ" ಎಂದರು. ನಿಲ್ಲಿಸಬಾರದ ಜಾಗದಲ್ಲಿ ಮೋಟಾರ್ ಸೈಕಲ್ ನಿಲ್ಲಿಸಿದ್ದಕ್ಕೆ ದಂಡ ಎಂಬ ಸಂದೇಶ ಅದು. ಅದರ ಕೆಳಗೆ ಅಂಥವೇ ಇನ್ನೂ ಮೂರು. ಎಲ್ಲವೂ ಸೋಲಾಪುರದವು. ಓದಿ ಹೇಳಿದೆವು.

"ಆ ಗಾಡಿ ಮಾರಿ ಎರಡು ವರ್ಷ ಆತಲ್ರಿ! ವಿಜಯಪುರ ಕಡೆಯವರಿಗೆ ಕೊಟ್ಟೀನಿ. ಗಾಡಿ ಅವರದು, ದಂಡ ನನಗ್ಯಾಕ?" ಎಂದು ಅವರು ಗಾಬರಿಯಾದರು. ಒಳಗಿನಿಂದ ಅವರ ಮನೆಯವರು, "ಪೊಲೀಸರು ಮನೀಗೆ ಬರ್ತಾರೇನ್ರಿ ಫಾದರ್?" ಎಂದು ಕೇಳಿದರು. ಆ ಪ್ರಶ್ನೆಯಲ್ಲಿದ್ದ ಭಯವನ್ನು ನಾವು ಮರೆಯಲಾರೆವು.

ಬುದ್ಧಿ ಹೇಳುವ ಮೊದಲು ನಮ್ಮ ತಪ್ಪನ್ನೂ ಹೇಳಿಬಿಡಬೇಕು. ಒಮ್ಮೆ ರೋಗಿಯೊಬ್ಬರನ್ನು ನೋಡಲು ಪಟ್ಟಣಕ್ಕೆ ಹೋದಾಗ ಅವಸರದಲ್ಲಿ ಆಸ್ಪತ್ರೆಯ ಗೇಟಿನ ಪಕ್ಕದಲ್ಲೇ ಗಾಡಿ ನಿಲ್ಲಿಸಿದೆವು. ದಂಡ ಬಿತ್ತು. ಒಳ್ಳೆಯ ಕೆಲಸಕ್ಕೆ ಬಂದವರಿಗೆ ಎಂಥ ದಂಡ ಎಂದು ಮನಸ್ಸು ವಾದ ಹೂಡಿತು. ಆರು ತಿಂಗಳು ಸುಮ್ಮನಿದ್ದೆವು. ಆಮೇಲೊಂದು ದಿನ ಅದೇ ಗೇಟಿನ ಮುಂದೆ ಆಂಬುಲೆನ್ಸ್ ಒಂದು ಬೇರೆ ಯಾರದೋ ಗಾಡಿಯಿಂದಾಗಿ ಒಳಗೆ ಹೋಗಲಾರದೆ ನಿಂತದ್ದನ್ನು ಕಂಡೆವು. ಅಂದೇ ಸಂಜೆ ಹಣ ಕಟ್ಟಿದೆವು.

ಹೀಗೆ ದಂಡದಲ್ಲಿ ಎರಡು ಬಗೆ. ಒಂದು ನಮ್ಮದು, ಇನ್ನೊಂದು ನಮ್ಮದಲ್ಲದ್ದು. ಮೊದಲನೆಯದನ್ನು ಕಟ್ಟಬೇಕು, ಎರಡನೆಯದನ್ನು ಪ್ರಶ್ನಿಸಬೇಕು. ಎರಡರಲ್ಲೂ ಮಾಡಬಾರದ ಕೆಲಸವೆಂದರೆ ಸುಮ್ಮನೆ ಕೂರುವುದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವ ಸ್ಥಿತಿಯನ್ನು ನಾವೇ ತಂದುಕೊಳ್ಳುತ್ತೇವೆ.

ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಲ್ಲಿ ಇಂಥ ಸಣ್ಣ ತಪ್ಪಿಗೆ ಮೊದಲು 100 ರೂಪಾಯಿ ದಂಡವಿತ್ತು. 2019ರ ತಿದ್ದುಪಡಿ ಅದನ್ನು 500ಕ್ಕೆ, ಮತ್ತೆ ಅದೇ ತಪ್ಪು ಮಾಡಿದರೆ 1,500ಕ್ಕೆ ಏರಿಸಿತು. ಮಹಾರಾಷ್ಟ್ರದಲ್ಲಿ ಹೊಸ ದರಗಳು 2021ರ ಡಿಸೆಂಬರಿನಲ್ಲಿ ಜಾರಿಗೆ ಬಂದವು. ಕೂಲಿಯ ಮನೆಗೆ ಇದು ಸಣ್ಣ ಮೊತ್ತವಲ್ಲ.

ದಂಡ ನಮ್ಮದಲ್ಲ ಎನಿಸಿದರೆ ಮೊದಲು ಇ-ಚಲನ್ ತಾಣದಲ್ಲಿ ಗಾಡಿಯ ನಂಬರು ಹಾಕಿ ಫೋಟೋ ನೋಡಬೇಕು. ಅಲ್ಲಿರುವುದು ನಮ್ಮ ಗಾಡಿಯೇ? ನಂಬರಿನ ಒಂದು ಅಂಕಿ ತಪ್ಪಿದೆಯೇ? ಆ ದಿನ ನಮ್ಮ ಗಾಡಿ ಬೇರೆ ಊರಿನಲ್ಲಿತ್ತು ಎನ್ನಲು ಆಧಾರವಿದೆಯೇ? ಇದ್ದರೆ ಅದನ್ನು ಜೋಡಿಸಿ ಸಂಚಾರ ಪೊಲೀಸರಿಗೆ ದೂರು ಕೊಡಬೇಕು. ಅಲ್ಲಿ ಬಗೆಹರಿಯದಿದ್ದರೆ ನ್ಯಾಯಾಲಯವಿದೆ. ಒಂದು ಮಾತು ನೆನಪಿರಲಿ: ದಂಡ ಕಟ್ಟಿದರೆ ಪ್ರಕರಣ ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ತಕರಾರು ಇದ್ದವರು ಕಟ್ಟುವ ಮೊದಲೇ ಎತ್ತಬೇಕು.

ಬಾಕಿ ಚಲನ್‌ಗಳನ್ನು ಲೋಕ ಅದಾಲತ್ತಿಗೂ ತರುತ್ತಾರೆ. ಅಲ್ಲಿ ಕೋರ್ಟ್ ಶುಲ್ಕವಿಲ್ಲ, ತೀರ್ಮಾನದ ಮೇಲೆ ಮೇಲ್ಮನವಿಯೂ ಇಲ್ಲ. ಆದರೆ ಅದು ರಾಜಿಯ ಜಾಗ. ತಪ್ಪು ನಮ್ಮದಾಗಿ ಹೊರೆ ಹೆಚ್ಚಾಗಿದ್ದರೆ ಅಲ್ಲಿಗೆ ಹೋಗಬಹುದು. ತಪ್ಪೇ ಮಾಡದವರು ಅಲ್ಲಿ ರಾಜಿಯಾಗುವ ಮುನ್ನ ಎರಡು ಸಲ ಯೋಚಿಸಬೇಕು. ಕರ್ನಾಟಕದಲ್ಲಿ 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತರು, ಕೆಲವೇ ದಿನಗಳಲ್ಲಿ ನೂರು ಕೋಟಿಗೂ ಹೆಚ್ಚು ಹಣ ಬಂತು. ಹಾಗೆಂದು ಮುಂದಿನ ರಿಯಾಯಿತಿಗೆ ಕಾಯುತ್ತಾ ಕೂರುವುದು ಜಾಣತನವಲ್ಲ.

ಭಾಷೆಯ ತೊಡಕಿದ್ದವರು ಹಿಂಜರಿಯಬೇಕಿಲ್ಲ. ತಾಲೂಕು ನ್ಯಾಯಾಲಯಗಳಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿನ ಹಕ್ಕಿದೆ. ಸಹಾಯವಾಣಿ 15100. ಇನ್ನೊಂದು ಎಚ್ಚರಿಕೆ: ದಂಡದ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಫೈಲನ್ನು ತೆರೆಯಬೇಡಿ. ಹಾಗೆ ಮಾಡಿ ಬ್ಯಾಂಕಿನ ಹಣ ಕಳೆದುಕೊಂಡವರಿದ್ದಾರೆ. ಸರ್ಕಾರಿ ತಾಣದ ವಿಳಾಸ 'ಜಿಒವಿ ಡಾಟ್ ಇನ್' ಎಂದೇ ಮುಗಿಯುತ್ತದೆ.

ಈಗ ನಮ್ಮ ಯಜಮಾನರ ವಿಷಯ. ಎರಡು ವರ್ಷದ ಹಿಂದೆ ಹಣ ಎಣಿಸಿಕೊಂಡು, ಕೀಲಿ ಕೊಟ್ಟು ಕೈಮುಗಿದಿದ್ದರು. ಆರ್‌ಸಿ ಮಾತ್ರ ಇವರ ಹೆಸರಿನಲ್ಲೇ ಉಳಿದಿತ್ತು. ಗಡಿಯಲ್ಲಿ ಇದು ತೀರಾ ಸಾಮಾನ್ಯ. ಸಾಂಗ್ಲಿಯ ಎಂಎಚ್-10 ಗಾಡಿಯನ್ನು ವಿಜಯಪುರದ ಕೆಎ-28ಕ್ಕೆ ಬದಲಿಸಬೇಕಾದರೆ ಇಲ್ಲಿಂದ ಎನ್‌ಒಸಿ ತರಬೇಕು, ಅಲ್ಲಿ ತೆರಿಗೆ ಕಟ್ಟಬೇಕು. ಓಡಾಟ ಯಾರಿಗೆ ಬೇಕೆಂದು ಇಬ್ಬರೂ ಬಿಡುತ್ತಾರೆ. ಆದರೆ ಕಾನೂನಿನ ಕಣ್ಣಿಗೆ ಆರ್‌ಸಿಯಲ್ಲಿ ಹೆಸರಿರುವವನೇ ಮಾಲೀಕ. 2018ರಲ್ಲಿ ಸುಪ್ರೀಂ ಕೋರ್ಟ್, ಕೈಯಿಂದ ಕೈಗೆ ಮಾರಾಟವಾಗಿದ್ದ ಕಾರೊಂದರ ಅಪಘಾತದಲ್ಲಿ ಪರಿಹಾರದ ಹೊಣೆಯನ್ನು ದಾಖಲೆಯಲ್ಲಿದ್ದ ಮೊದಲ ಮಾಲೀಕನ ಮೇಲೆಯೇ ಹೊರಿಸಿತು. ಇವರಿಗೆ ಬಂದದ್ದು ನಿಲುಗಡೆಯ ದಂಡ. ಅದರ ಬದಲು ಒಬ್ಬರ ಜೀವ ಹೋಗಿದ್ದರೆ? ಹೊಲ ಮಾರಿದರೂ ತೀರದ ಸಾಲವಾಗುತ್ತಿತ್ತು. ಆ ಐನೂರು ರೂಪಾಯಿಯ ಸಂದೇಶ ಒಂದು ರೀತಿಯಲ್ಲಿ ಅವರನ್ನು ಎಚ್ಚರಿಸಿತು ಎಂದೇ ನಾವು ತಿಳಿದೆವು.

ಟ್ರಂಕಿನಿಂದ ಮಾರಾಟದ ಕಾಗದ ಹೊರಬಂತು. ಕೊಂಡವರಿಗೆ ಅಲ್ಲಿಂದಲೇ ಫೋನು ಮಾಡಿಸಿದೆವು. ಮೊದಲು ಗದರಿದರು, ಆಮೇಲೆ ಮೆತ್ತಗಾದರು. ದಂಡ ತಾವೇ ಕಟ್ಟುವುದಾಗಿಯೂ ಹೆಸರು ಬದಲಾವಣೆಯ ಅರ್ಜಿಗೆ ಸಹಿ ಹಾಕುವುದಾಗಿಯೂ ಒಪ್ಪಿದರು. ಸೋಮವಾರ ಇಬ್ಬರೂ ಸಾಂಗ್ಲಿಯ ಆರ್‌ಟಿಒ ಕಚೇರಿಯಲ್ಲಿ ಸೇರುವುದೆಂದು ತೀರ್ಮಾನವಾಯಿತು.

ಓದುಗರೇ, ಈ ಭಾನುವಾರ ನಿಮ್ಮ ಮನೆಯ ಗಾಡಿಯ ಕಾಗದಗಳನ್ನು ಒಮ್ಮೆ ತೆಗೆದು ನೋಡಿ. ಆರ್‌ಸಿಗೆ ಜೋಡಿಸಿದ ಮೊಬೈಲ್ ನಂಬರು ಈಗಲೂ ನಿಮ್ಮದೇ? ಮಾರಿದ ಗಾಡಿ ಯಾರ ಹೆಸರಿನಲ್ಲಿದೆ?

ನಾವು ಹೊರಟಾಗ ಆ ತಾಯಿ ಬಾಗಿಲ ತನಕ ಬಂದು, "ಪೊಲೀಸರು ಬರೂದಿಲ್ಲ, ಹೌದಲ್ರಿ?" ಎಂದು ಮತ್ತೆ ಕೇಳಿದರು. "ಅವರು ಬರೋ ಮೊದಲು ನಾವೇ ಹೋಗೋಣ ತಾಯಿ" ಎಂದೆವು. ಆಗ ಅವರು ನಕ್ಕರು.